ಗೋಡೆಯಾಚೆಗೆ ಬಿಟ್ಟ ಹುಳಗಳು

"ಅಜ್ಜೀ, ಬೇಗ ಬಾ! ಇದು ನೂಲು ಬಿಡ್ತಿದೆ!"

ಸಂಘಮಿತ್ರ ಹಿತ್ತಿಲಿನಲ್ಲಿ ಮಂಡಿಯೂರಿ ಕೂತಿದ್ದಳು. ಅವಳ ಮೂಗಿಗೂ ಬ್ರೊಕೊಲಿ ಗಿಡದ ಎಲೆಗೂ ನಡುವೆ ಗೇಣು ಜಾಗವೂ ಇರಲಿಲ್ಲ. ಎಲೆಯ ಅಂಚಿನಿಂದ ಒಂದು ಪುಟ್ಟ ಹಸಿರು ಹುಳ ತೆಳ್ಳಗಿನ ನೂಲಿನಲ್ಲಿ ಜೋತಾಡುತ್ತಿತ್ತು. ಬೆರಳು ತಾಗಿದ್ದೇ ತಡ, ಮೈ ಕೊಂಕಿಸಿ ಕೆಳಕ್ಕೆ ಧುಮುಕಿತ್ತು. ಈಗ ಗಾಳಿಗೆ ಗಿರಗಿರನೆ ತಿರುಗುತ್ತಿತ್ತು.

ಅಜ್ಜಿ ಅಶ್ವತ್ಥಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಗೆ ಸರಿಸಿಕೊಂಡು ಬಗ್ಗಿ ನೋಡಿದರು.

"ನೂಲಾದ್ರೂ ಬಿಡ್ಲಿ, ಹಗ್ಗಾನಾದ್ರೂ ಹೊಸೀಲಿ. ನಿನ್ನ ಎಲೆ ನೋಡು, ಜರಡಿ ಮಾಡಿಟ್ಟಿದೆ. ಕೆಳಗೆ ಹಾಕಿ ತುಳಿ."

"ತುಳಿಯೋದಾ? ಅಜ್ಜೀ, ಇದು ನೂಲು ಬಿಡೋ ಹುಳ!"

"ಆದ್ರೆ?"

"ಕದಿರಮ್ಮಜ್ಜಿ ಹೇಳಿಲ್ವಾ? ನೂಲು ಬಿಡೋ ಹುಳಾನ ತುಳಿಬಾರ್ದು ಅಂತ."

"ಕದಿರಮ್ಮನ ಹುಳಾನೂ ಕೊನೆಗೆ ಬಿಸಿನೀರಿಗೇ ಹೋಗೋದು ಕಣೆ," ಎಂದು ಗೊಣಗಿಕೊಂಡು ಅಜ್ಜಿ ಒಳಗೆ ಹೋದರು.

ಗೋಡೆಯಾಚೆಯ ಮನೆಯ ಕದಿರಮ್ಮಜ್ಜಿ ಸಾಕುವುದು ರೇಷ್ಮೆ ಹುಳ; ಗೂಡು ಕಟ್ಟಿದ ಮೇಲೆ ನೂಲು ಬಿಚ್ಚಲು ಬಿಸಿನೀರಿಗೆ ಹಾಕುತ್ತಾರೆ. ಸಂಘಳಿಗೆ ಅದು ಗೊತ್ತಿತ್ತು. ಮೇಲೂರಿನಲ್ಲಿ ಹುಟ್ಟಿದ ಯಾವ ಮಗುವಿಗೆ ತಾನೆ ಗೊತ್ತಿಲ್ಲ? ಆದರೂ ರೇಷ್ಮೆ ಹುಳವನ್ನು ಯಾರೂ ಕಾಲಿನಿಂದ ತುಳಿಯುವುದಿಲ್ಲ. ಕೆಳಗೆ ಬಿದ್ದರೆ ಎರಡು ಬೆರಳಿನಲ್ಲಿ ಮೆತ್ತಗೆ ಎತ್ತಿ ಸೊಪ್ಪಿನ ಮೇಲೆ ಬಿಡುತ್ತಾರೆ.

ಹಿತ್ತಿಲಿನಲ್ಲಿ ಐದು ಹಳೆಯ ಪೇಂಟ್ ಬಕೆಟ್‌ಗಳಿದ್ದವು. ಒಂದೊಂದರಲ್ಲಿ ಒಂದೊಂದು ಬ್ರೊಕೊಲಿ ಗಿಡ. ದೀಪಾವಳಿ ಮುಗಿದ ಮೇಲೆ ಅಮ್ಮ ತನುಜ ನರ್ಸರಿಯಿಂದ ಸಸಿಗಳನ್ನು ತಂದುಕೊಟ್ಟಿದ್ದರು. ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಶಿಫ್ಟ್ ಮುಗಿಸಿ ಬರುವಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ನೀರು, ಗೊಬ್ಬರ, ಬಿಸಿಲು ಎಲ್ಲವೂ ಸಂಘಳದ್ದೇ ಉಸ್ತುವಾರಿ. ಈಗ ಮೂರನೆಯ ಬಕೆಟ್ಟಿನ ಗಿಡದ ನಡುವೆ ಹಸಿರು ತಲೆ ಕೂತಿತ್ತು. ಸಾಸಿವೆ ಕಾಳು ಒತ್ತೊತ್ತಾಗಿ ಜೋಡಿಸಿದಂತೆ ಮೊಗ್ಗುಗಳು.

ಶನಿವಾರಕ್ಕೆ ಅದು ತಯಾರಾಗಲೇಬೇಕಿತ್ತು.

ಶನಿವಾರ ಸ್ಕೂಲಿನಲ್ಲಿ 'ನಮ್ಮನೆ ತೋಟ' ಪ್ರದರ್ಶನ. ಮನೆಯಲ್ಲಿ ತಾವೇ ಬೆಳೆದದ್ದನ್ನು ತರಬೇಕು. ಎಲ್ಲರೂ ಮೆಂತ್ಯ, ಕೊತ್ತಂಬರಿ, ಬದನೆಕಾಯಿ ಅಂದಾಗ ಸಂಘ ಎದ್ದು ನಿಂತು, "ಮಿಸ್, ನಾನು ಬ್ರೊಕೊಲಿ," ಅಂದಿದ್ದಳು.

ಹಿಂದಿನ ಬೆಂಚಿನ ಶ್ರೀಕರ್ ಸುಮ್ಮನಿರಲಿಲ್ಲ. "ಬ್ರೊಕೊಲಿ ಅಂದ್ರೆ ಏನು ಗೊತ್ತಾ? ಹೂಕೋಸು ಕೊಳೆತ್ರೆ ಹಸಿರಾಗುತ್ತಲ್ಲ, ಅದೇ!"

ಕ್ಲಾಸೆಲ್ಲ ನಕ್ಕಿತ್ತು.

"ಶನಿವಾರ ತರ್ತೀನಿ. ಫುಟ್‌ಬಾಲ್ ಸೈಜ್ ಇರುತ್ತೆ. ಆಗ ನೋಡು," ಎಂದಿದ್ದಳು ಸಂಘ. ಫುಟ್‌ಬಾಲ್ ಅಂದದ್ದು ಸ್ವಲ್ಪ ಜಾಸ್ತಿಯಾಯಿತು ಎಂದು ಆಮೇಲೆ ಅನ್ನಿಸಿತ್ತು. ಆದರೆ ಅಂದ ಮಾತನ್ನು ವಾಪಸ್ ತೆಗೆದುಕೊಳ್ಳುವ ಅಭ್ಯಾಸ ಅವಳಿಗಿರಲಿಲ್ಲ.

ಈಗ ನೋಡಿದರೆ ಈ ಹುಳಗಳು. ಒಂದಲ್ಲ, ಎರಡಲ್ಲ. ಎಲೆ ಮಗುಚಿದಲ್ಲೆಲ್ಲ ಇದ್ದವು.

ಸಂಘ ಸ್ವಲ್ಪ ಹೊತ್ತು ಯೋಚಿಸಿದಳು. ಹಿತ್ತಿಲಿನ ಗೋಡೆಯಾಚೆ ಕದಿರಮ್ಮಜ್ಜಿಯ ಹಿಪ್ಪುನೇರಳೆ ತೋಟ. ಗೋಡೆಗೆ ಒತ್ತಿಕೊಂಡೇ ಗಿಡಗಳು ಎದೆಯೆತ್ತರ ನಿಂತಿದ್ದವು. ಒಂದೊಂದು ಎಲೆ ಅಂಗೈಯಷ್ಟು ಅಗಲ. ನೂಲು ಬಿಡುವ ಹುಳಕ್ಕೆ ಬೇಕಾದದ್ದೇ ಅದು. ಪಾಪ, ದಾರಿ ತಪ್ಪಿ ಈ ಕಡೆ ಬಂದಿವೆ!

ಅವಳು ಒಂದು ಕೋಳಿ ಪುಕ್ಕ ತಂದಳು. ಕದಿರಮ್ಮಜ್ಜಿ ಮರಿಹುಳಗಳನ್ನು ಪುಕ್ಕದಿಂದಲೇ ಸರಿಸುವುದು. ಒಂದೊಂದೇ ಹುಳವನ್ನು ಪುಕ್ಕದಿಂದ ಸ್ಟೀಲ್ ಬಟ್ಟಲಿಗೆ ಇಳಿಸಿಕೊಂಡಳು. ನಲ್ಲಿಯ ಪಕ್ಕದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿ, ಗೋಡೆಯಾಚೆ ಕೈ ಚಾಚಿ, ಹಿಪ್ಪುನೇರಳೆಯ ಎಳೆ ಎಲೆಗಳ ಮೇಲೆ ಬಟ್ಟಲು ಬಗ್ಗಿಸಿದಳು.

"ಹೊಟ್ಟೆ ತುಂಬ ತಿನ್ನಿ," ಎಂದಳು.

ಗಿಡವೂ ಉಳಿಯಿತು, ಹುಳವೂ ಉಳಿಯಿತು. ಇಷ್ಟು ಸುಲಭದ ಉಪಾಯ ಅಜ್ಜಿಗೆ ಯಾಕೆ ಹೊಳೆಯಲಿಲ್ಲವೋ!

ಮಾರನೆಯ ದಿನ ಸ್ಕೂಲಿನಿಂದ ಬಂದವಳೇ ಬ್ಯಾಗ್ ಇಟ್ಟು ಕದಿರಮ್ಮಜ್ಜಿಯ ಹುಳದ ಮನೆಗೆ ಓಡಿದಳು. ಬೀದಿಯ ಮಕ್ಕಳಲ್ಲಿ ಆ ಮನೆಯೊಳಗೆ ಹೋಗಲು ಪರ್ಮಿಷನ್ ಇದ್ದದ್ದು ಅವಳೊಬ್ಬಳಿಗೇ. ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು. ಸೋಪು ಹಾಕಿ ಕೈ ತೊಳೆಯಬೇಕು. ಪೌಡರ್ ಹಾಕಿಕೊಂಡು ಬರುವ ಹಾಗಿಲ್ಲ. "ಇವಳ ಕೈ ಮೆತ್ತಗೆ, ಕಣ್ಣು ಚುರುಕು," ಎಂದು ಕದಿರಮ್ಮಜ್ಜಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಅದನ್ನು ನೆನೆಸಿಕೊಂಡಾಗಲೆಲ್ಲ ಸಂಘ ಒಂದಿಂಚು ಎತ್ತರವಾಗುತ್ತಿದ್ದಳು.

ಹುಳಗಳು ನಾಲ್ಕನೆಯ ಜ್ವರದಿಂದ ಎದ್ದು ಐದಾರು ದಿನವಾಗಿತ್ತು. ಜ್ವರ ಅಂದರೆ ಕಾಯಿಲೆಯಲ್ಲ. ಹುಳ ಊಟ ಬಿಟ್ಟು ನಿದ್ದೆ ಮಾಡಿ ಹಳೆಯ ಚರ್ಮ ಕಳಚುವುದು. ನಾಲ್ಕನೆಯ ಜ್ವರ ಕಳೆದ ಮೇಲೆ ಅವುಗಳ ಹಸಿವಿಗೆ ಲೆಕ್ಕವೇ ಇಲ್ಲ. ಆಗ ಬಾಗಿಲಲ್ಲಿ ನಿಂತರೆ ಒಳಗೆ ಯಾರೋ ನೂರಾರು ಜನ ಕೂತು ಪೇಪರ್ ಮಡಚುತ್ತಿರುವಂತೆ ಸರಸರ ಸದ್ದು ಕೇಳಿಸುತ್ತದೆ.

ಇವತ್ತು ಸದ್ದೇ ಇರಲಿಲ್ಲ.

ಅಂಗಳದಲ್ಲಿ ಹಿಪ್ಪುನೇರಳೆ ಕಡ್ಡಿಗಳ ಹೊರೆ ಬಿಚ್ಚಿ ಹರಡಿತ್ತು. ಕದಿರಮ್ಮಜ್ಜಿ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಎಲೆ ತಿರುವಿ ನೋಡುತ್ತಿದ್ದರು. ಅವರ ಗಂಡ ಚೆನ್ನರಾಯಪ್ಪ ಅಂಗೈಯನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನಿಂತಿದ್ದರು.

"ಏಮಿಟೇ ಇದಿ? ಏನಿದು?" ಎಂದು ಅವರು ಹೆಂಡತಿಯನ್ನು ಕೇಳಿದರು. ಗಾಬರಿಯಾದಾಗ ಅವರ ಬಾಯಿಂದ ತೆಲುಗು ಬರುತ್ತಿತ್ತು. "ನಮ್ಮ ತೋಟದಲ್ಲಿ ಇಂಥಾ ಹುಳ ಕಂಡೇ ಇಲ್ವಲ್ಲ!"

ಸಂಘ ಇಣುಕಿದಳು. ಅವರ ಅಂಗೈ ಮೇಲೆ ಒಂದು ಪುಟ್ಟ ಹಸಿರು ಹುಳ ಮುದುರಿಕೊಂಡು ಬಿದ್ದಿತ್ತು.

ಅವಳು ಒಮ್ಮೆ ತಮ್ಮ ಹಿತ್ತಿಲಿನ ಗೋಡೆಯ ಕಡೆ ನೋಡಿದಳು.

"ಏನಾಯ್ತು ತಾತ?"

"ಸೊಪ್ಪಲ್ಲಿ ಹುಳ ಬಂದಿದೆ ಕಣಮ್ಮ. ಹೊರಗಿನ ಹುಳ. ಇದು ಯಾವ್ ರೋಗ ಹೊತ್ಕೊಂಡು ಬಂದಿದ್ಯೋ ಯಾರಿಗ್ ಗೊತ್ತು? ಒಳಗೆ ಹೋದ್ರೆ ನಮ್ಮ ಹುಳಕ್ಕೂ ಅಂಟುತ್ತೆ. ಒಂದು ತಟ್ಟೇಲಿ ಶುರುವಾದ್ರೆ ಮನೆಯೆಲ್ಲ ಗುಡಿಸಿ ಗುಂಡೀಗೆ ಹಾಕೋದೇ."

"ಹಾಗಾದ್ರೆ ಈ ಸೊಪ್ಪು?"

"ಅಷ್ಟೂ ಎಸೀಬೇಕು. ಎಲ್ಲೆಲ್ಲಿ ಹುಳ ಇದೆ ಅಂತ ಹೇಗ್ ಹೇಳೋದು? ತೋಟದ್ದು ಕೊಯ್ಯೋ ಹಾಗೂ ಇಲ್ಲ."

ಕದಿರಮ್ಮಜ್ಜಿ ತಲೆ ಎತ್ತದೆಯೇ ಹೇಳಿದರು: "ಮಧ್ಯಾಹ್ನದಿಂದ ಹಸ್ಕೊಂಡಿವೆ. ಈಗ ಹೊಟ್ಟೆಗೆ ಬೀಳದೆ ಇದ್ರೆ ಗೂಡು ಗಟ್ಟಿ ಆಗಲ್ಲ."

"ಇದು ಕೋಸಿನ ಗಿಡದ ಹುಳ ಇದ್ದ ಹಾಗಿದೆ," ಚೆನ್ನರಾಯಪ್ಪ ಹುಳವನ್ನು ಮತ್ತೆ ನೋಡಿದರು. "ಯಾರ ಮನೇಲಿ ಕೋಸು ಹಾಕಿದ್ದಾರೆ ಅಂತ ನೋಡ್ಬೇಕು. ಗಿಡ ಕಿತ್ತು ಹಾಕ್ಸಿದ್ರೇನೇ ಸರಿ."

ಬ್ರೊಕೊಲಿ ಕೋಸಿನ ತಂಗಿ ಎಂದು ಈ ಬೀದಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದು ಬೆಂಗಳೂರಿನವರು ತಿನ್ನುವ ಏನೋ ಸೊಪ್ಪು ಅಂತಲೇ ಎಲ್ಲರ ಲೆಕ್ಕ. ಸಂಘ ಸುಮ್ಮನಿದ್ದರೆ ಯಾರೂ ಅವಳ ಬಕೆಟ್ಟುಗಳ ಕಡೆ ತಿರುಗಿ ನೋಡುತ್ತಿರಲಿಲ್ಲ. ಶನಿವಾರಕ್ಕೆ ಇನ್ನೊಂದೇ ದಿನ. ಮೂರನೆಯ ಬಕೆಟ್ಟು, ಒತ್ತೊತ್ತಾದ ಹಸಿರು ತಲೆ, ಶ್ರೀಕರ್‌ನ ಮುಖ, ಎಲ್ಲವೂ ಕಣ್ಣ ಮುಂದೆ ಬಂದವು.

ಕದಿರಮ್ಮಜ್ಜಿ ಚೆನ್ನಾಗಿದ್ದ ಒಂದು ಕಡ್ಡಿಯನ್ನು ಎತ್ತಿ, ನೋಡಿ, ನಿಟ್ಟುಸಿರಿಟ್ಟು, ಎಸೆಯುವ ಗುಡ್ಡೆಗೆ ಹಾಕಿದರು.

ಆಗ ಸಂಘಳಿಗೆ ಒಂದು ವಿಷಯ ಹೊಳೆಯಿತು. ಹುಳ ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ. ಅದಕ್ಕೇ ಎಲ್ಲವನ್ನೂ ಎಸೆಯುತ್ತಿದ್ದಾರೆ. ಎಲ್ಲಿದೆ ಎಂದು ಗೊತ್ತಿರುವುದು ಈ ಭೂಮಿಯ ಮೇಲೆ ಅವಳೊಬ್ಬಳಿಗೇ.

"ಎಸೀಬೇಡಿ ಅಜ್ಜಿ," ಎಂದಳು. ದನಿ ಸ್ವಲ್ಪ ಜೋರಾಗಿಯೇ ಬಂತು. "ಹುಳ ಎಲ್ಲಾ ಕಡೆ ಇಲ್ಲ. ನಮ್ಮ ನಲ್ಲಿ ಹತ್ರ ಗೋಡೆ ಇದೆಯಲ್ಲ, ಅದಕ್ಕೆ ತಾಗಿರೋ ಗಿಡದಲ್ಲಿ ಮಾತ್ರ ಇರೋದು."

"ನಿನಗೆ ಹೇಗ್ ಗೊತ್ತು?"

"ನಾನೇ ಬಿಟ್ಟೆ."

ಚೆನ್ನರಾಯಪ್ಪನವರ ಕೈ ಹಾಗೇ ನಿಂತಿತು. ಕದಿರಮ್ಮಜ್ಜಿ ಈಗ ತಲೆ ಎತ್ತಿದರು.

"ನನ್ನ ಬ್ರೊಕೊಲಿ ಗಿಡದಲ್ಲಿತ್ತು ಅಜ್ಜಿ. ನೂಲು ಬಿಡ್ತಿತ್ತು. ನೂಲು ಬಿಡೋ ಹುಳ ಅಂದ್ರೆ ಹಿಪ್ಪುನೇರಳೆ ತಿನ್ನುತ್ತೆ ಅಂದ್ಕೊಂಡೆ. ತುಳಿಯೋಕೆ ಮನಸ್ಸಾಗ್ಲಿಲ್ಲ. ಆ ಕಡೆಗೆ ಬಿಟ್ಟೆ."

ಕದಿರಮ್ಮಜ್ಜಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟು ಎದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಡಿ, ತೋರ್ಸು," ಎಂದರು ಚೆನ್ನರಾಯಪ್ಪ.

ಮೂವರೂ ತೋಟದ ಸಾಲಿನ ನಡುವೆ ನಡೆದು ಗೋಡೆಯ ಹತ್ತಿರ ಹೋದರು. ಸಂಘ ಬೆರಳು ಮಾಡಿ ತೋರಿಸಿದಳು. ಇಲ್ಲಿ, ಮತ್ತೆ ಇಲ್ಲಿ. ಅಲ್ಲಿ ಇಲ್ಲ.

ಹುಳಗಳು ಇದ್ದವು. ಆದರೆ ಅವಳು ಅಂದುಕೊಂಡಂತೆ ಇರಲಿಲ್ಲ. ಕೆಲವು ಎಲೆಯ ನರಕ್ಕೆ ಅಂಟಿಕೊಂಡು ಒಣಗಿ ದಾರದ ಚೂರಿನಂತಾಗಿದ್ದವು. ಒಂದೆರಡು ನೂಲಿನಲ್ಲಿ ಜೋತುಬಿದ್ದು, ಮುಟ್ಟಿದರೂ ಮೈ ಕೊಂಕಿಸಲಿಲ್ಲ. ಸಂಘ ಒಂದು ಎಲೆ ತಿರುವಿದಳು. ಇನ್ನೊಂದು. ಮತ್ತೊಂದು.

ಒಂದು ಎಲೆಯಲ್ಲೂ ಒಂದು ತೂತಿರಲಿಲ್ಲ.

ಇಷ್ಟು ಸೊಪ್ಪಿನ ನಡುವೆ ಅವು ಏನೂ ತಿಂದಿರಲಿಲ್ಲ.

"ಅವುಕ್ಕೆ ಇದು ಊಟ ಅಲ್ಲ ಪಾಪಾ," ಎಂದರು ಕದಿರಮ್ಮಜ್ಜಿ.

ಚೆನ್ನರಾಯಪ್ಪ ಆ ಗಿಡಗಳ ಕಡ್ಡಿಗಳನ್ನು ಬುಡಕ್ಕೇ ಕತ್ತರಿಸಿ ಮೂಟೆಗೆ ತುಂಬಿದರು. ಮಧ್ಯಾಹ್ನ ಗೋಡೆಯ ಮಗ್ಗುಲಿನಿಂದ ಕೊಯ್ದದ್ದು ಹೊರೆಯ ಕೊನೆಯ ಕಟ್ಟು ಎಂದು ಅವರಿಗೆ ನೆನಪಿತ್ತು. ಅದೂ, ಅದಕ್ಕೆ ತಾಗಿದ್ದ ಕಟ್ಟೂ ಮೂಟೆ ಸೇರಿದವು. ಅದನ್ನು ದೂರದ ಗುಂಡಿಯಲ್ಲಿ ಸುಟ್ಟರು. ಉಳಿದ ಸೊಪ್ಪನ್ನು ಮತ್ತೊಮ್ಮೆ ಕೊಡವಿ ನೋಡಿ ಒಳಗೆ ಸಾಗಿಸಿದರು. ಸ್ವಲ್ಪ ಹೊತ್ತಿಗೆ ಹುಳದ ಮನೆಯೊಳಗೆ ಪೇಪರ್ ಮಡಚುವ ಸದ್ದು ಶುರುವಾಯಿತು.

ಸಂಘ ಅಭ್ಯಾಸದಂತೆ ಬ್ಲೀಚಿಂಗ್ ನೀರಿನ ಹತ್ತಿರ ಹೋಗಿ ಚಪ್ಪಲಿ ಬಿಟ್ಟಳು.

"ಇವತ್ತು ಬೇಡ ಪಾಪಾ," ಎಂದರು ಕದಿರಮ್ಮಜ್ಜಿ. ಬಾಗಿಲು ಮುಚ್ಚಿತು.

ಚೆನ್ನರಾಯಪ್ಪ ಹೋಗುವಾಗ ಗೋಡೆಯ ಮೇಲಿಂದ ಅವಳ ಐದು ಬಕೆಟ್ಟುಗಳನ್ನು ನೋಡಿದರು. "ಬೆಳಿಗ್ಗೆ ಬಂದು ಕಿತ್ತು ಹಾಕ್ತೀನಿ. ಬೇಜಾರು ಮಾಡ್ಕೋಬೇಡ. ನಮ್ಮ ಹುಳ ಹಣ್ಣಾಗಿ ಗೂಡು ಕಟ್ಟೋ ಹೊತ್ತು ಇದು."

ಸಂಘ ಅಳಲಿಲ್ಲ. ಬಕೆಟ್ಟುಗಳ ಮುಂದೆ ಬಂದು ಕೂತಳು. ಎಲ್ಲಿಂದ ಬಂದವು ಈ ಹುಳಗಳು? ನರ್ಸರಿಯಿಂದ ತಂದಾಗ ಇರಲಿಲ್ಲ. ನಡೆದುಕೊಂಡು ಬರಲು ಇವಕ್ಕೆ ಅಷ್ಟು ಕಾಲೂ ಇಲ್ಲ.

ಅವಳು ಕೆಳಗಿನ ಒಂದು ಎಲೆ ಮಗುಚಿದಳು. ಎಲೆಯಡಿಯಲ್ಲಿ ಅಕ್ಕಿ ಕಾಳಿನಷ್ಟು ಉದ್ದದ ಏನೋ ಅಂಟಿಕೊಂಡಿತ್ತು. ಸೊಳ್ಳೆಪರದೆ ಸುತ್ತಿದಂತೆ ತೆಳ್ಳಗಿನ ಬಿಳಿ ಗೂಡು. ಒಳಗೆ ಮಲಗಿದ್ದದ್ದು ಆಚೆಯಿಂದಲೇ ಕಾಣುತ್ತಿತ್ತು.

ಗೂಡು!

ಗೂಡೊಳಗಿಂದ ಏನು ಬರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಗಿಡವನ್ನು ಮೆಲ್ಲಗೆ ಅಲುಗಾಡಿಸಿದಳು. ಸಂಜೆಯ ಬೆಳಕಿನಲ್ಲಿ ಬೂದು ಬಣ್ಣದ ಎರಡು ಸಣ್ಣ ಪತಂಗಗಳು ಎದ್ದು ಹಾರಿ, ಪಕ್ಕದ ಬಕೆಟ್ಟಿನ ಎಲೆಯ ಮೇಲೆ ಕೂತವು. ದಿನವೂ ನೋಡುತ್ತಿದ್ದ ಪತಂಗಗಳೇ. ಧೂಳಿನ ಚೂರು ಅಂದುಕೊಂಡು ಸುಮ್ಮನಾಗಿದ್ದಳು.

"ಓ, ನೀವಾ?" ಎಂದಳು ಸಂಘ. "ಮೊಟ್ಟೆ ಇಡೋಕೆ ಬರ್ತಿರೋದಾ?"

ಅವಳು ತಲೆ ಎತ್ತಿ ಹುಳದ ಮನೆಯ ಕಿಟಕಿ ನೋಡಿದಳು. ಕಿಟಕಿಗೆಲ್ಲ ನೈಲಾನ್ ಬಲೆ ಹೊಡೆದಿತ್ತು. ಬಾಗಿಲಿಗೂ ಬಲೆ. ಊಜಿ ನೊಣ ಒಳಗೆ ಬಂದು ರೇಷ್ಮೆ ಹುಳದ ಮೇಲೆ ಮೊಟ್ಟೆ ಇಡದಿರಲಿ ಎಂದು ಕಟ್ಟಿದ್ದ ಬಲೆ. ಹೋದ ವರ್ಷದ್ದು ಹರಿದು, ಚೆನ್ನರಾಯಪ್ಪ ತಾತ ಅದನ್ನು ಸುರುಳಿ ಸುತ್ತಿ ಮೂಲೆಗೆ ಹಾಕಿದ್ದರು.

ಸಂಘ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹತ್ತಿದಳು.

"ತಾತಾ! ಚೆನ್ನರಾಯಪ್ಪ ತಾತಾ!"

"ಇನ್ನೇನಮ್ಮ?"

"ಊಜಿ ನೊಣ ಬರ್ದೇ ಇರೋಕೆ ನೀವು ಏನ್ ಮಾಡ್ತೀರ?"

"ಬಲೆ ಕಟ್ತೀವಿ. ನಿನಗೆ ಗೊತ್ತಿಲ್ವಾ?"

"ನೊಣ ಬರುತ್ತೆ ಅಂತ ಹುಳಾನೆಲ್ಲ ಎಸೀತೀರಾ?"

"ಅದ್ಯಾಕ್ ಎಸೀತೀವಿ?"

"ಹಾಗಾದ್ರೆ ಪತಂಗ ಬರುತ್ತೆ ಅಂತ ನನ್ನ ಗಿಡ ಯಾಕೆ ಕೀಳ್ತೀರ? ನಾನೂ ಬಲೆ ಕಟ್ತೀನಿ. ನಿಮ್ಮ ಹಳೇದು ಕೊಡಿ. ಗಿಡಾನೂ ಈ ಗೋಡೆ ಹತ್ರ ಇಡಲ್ಲ, ಮುಂದ್ಗಡೆ ಬೀದಿ ಕಡೆ ಇಟ್ಕೋತೀನಿ. ಇರೋ ಹುಳಾನೆಲ್ಲ ಇವತ್ತೇ ತೆಗೀತೀನಿ. ಬೆಳಿಗ್ಗೆ ನೀವೇ ಬಂದು ಚೆಕ್ ಮಾಡಿ. ಒಂದು ಸಿಕ್ಕಿದ್ರೂ ನಾನೇ ಕಿತ್ತು ಕೊಡ್ತೀನಿ."

ಚೆನ್ನರಾಯಪ್ಪ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವಳನ್ನೇ ನೋಡಿದರು. ಮೀಸೆಯಡಿಯಲ್ಲಿ ನಗು ಬಂದು ಹೋಯಿತು.

"ಅಶ್ವತ್ಥಕ್ಕಾ!" ಎಂದು ಕೂಗಿದರು. "ನಿನ್ನ ಮೊಮ್ಮಗಳಿಗೆ ಈಗ್ಲೇ ಕರಿಕೋಟು ಹೊಲ್ಸಿಡು. ಲಾಯರ್ ಆಗ್ತಾಳೆ."

ಹಳೆಯ ಬಲೆ ಗೋಡೆ ದಾಟಿ ಬಂತು.

ಅಜ್ಜಿ ಸೂಜಿ ದಾರ ಹಿಡಿದು ಹರಿದ ಕಡೆ ಹೊಲಿದರು. ಸಂಘ ಒಂದೊಂದು ಎಲೆಯನ್ನೂ ಮಗುಚಿ, ಹುಳವನ್ನೂ ಗೂಡನ್ನೂ ಬಿಡಿಸಿ ಬಟ್ಟಲಿಗೆ ಹಾಕಿದಳು. ಬಟ್ಟಲು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಅಂಗಳದಲ್ಲಿ ಕೆದಕುತ್ತಿದ್ದ ಅಜ್ಜಿಯ ಕೆಂಪು ಕೋಳಿಯ ಮುಂದೆ ಬಗ್ಗಿಸಿದಳು. ಕೋಳಿ ಯಾವ ಯೋಚನೆಯನ್ನೂ ಮಾಡಲಿಲ್ಲ.

"ಇದನ್ನ ನಿನ್ನೆಯೇ ಮಾಡ್ಬಹುದಿತ್ತು," ಎಂದರು ಅಜ್ಜಿ ಹಲ್ಲಿನಲ್ಲಿ ದಾರ ಕಡಿಯುತ್ತ.

"ನಿನ್ನೆ ನಂಗೆ ಗೊತ್ತಿರ್ಲಿಲ್ಲ ಅಜ್ಜಿ."

ಕೆಲಸದಿಂದ ಬಂದ ಅಮ್ಮ ಬಕೆಟ್ಟುಗಳನ್ನು ಎತ್ತಿ ಮನೆಯ ಮುಂದಕ್ಕೆ ತರಲು ಕೈಜೋಡಿಸಿದರು. ಬಿದಿರಿನ ಕಡ್ಡಿ ನೆಟ್ಟು ಅದರ ಮೇಲೆ ಬಲೆ ಹೊದಿಸಿದಾಗ ಐದು ಗಿಡಗಳೂ ಸೊಳ್ಳೆಪರದೆಯೊಳಗೆ ಮಲಗಿದ ಮಕ್ಕಳಂತೆ ಕಂಡವು.

ಬೆಳಿಗ್ಗೆ ಚೆನ್ನರಾಯಪ್ಪ ಕನ್ನಡಕ ಹಾಕಿಕೊಂಡೇ ಬಂದರು. ಪ್ರತಿ ಎಲೆಯ ಅಡಿ ನೋಡಿದರು. ಬಲೆಯ ಅಂಚನ್ನು ಎಳೆದು ನೋಡಿದರು. ಒಂದು ಕಡೆ ಬೆರಳು ತೂರುವಷ್ಟು ಸಂದಿಯಿತ್ತು. ಅಲ್ಲಿಗೆ ತಾವೇ ಒಂದು ಕಲ್ಲು ತಂದಿಟ್ಟರು. ಗಿಡ ಕೀಳದೆ ಹೊರಟರು.

ಶನಿವಾರ ಸ್ಕೂಲಿನ ಮೇಜಿನ ಮೇಲೆ ಬದನೆಕಾಯಿ, ಮೂಲಂಗಿ, ಮೆಂತ್ಯದ ಕಟ್ಟುಗಳ ನಡುವೆ ಸಂಘಳ ಬ್ರೊಕೊಲಿ ಕೂತಿತ್ತು. ಫುಟ್‌ಬಾಲ್ ಅಲ್ಲ, ಅವಳ ಎರಡು ಮುಷ್ಟಿ ಸೇರಿಸಿದಷ್ಟು. ಆದರೆ ಕಡು ಹಸಿರು, ಗಟ್ಟಿ, ಒಂದು ಮೊಗ್ಗೂ ಬಿರಿದಿರಲಿಲ್ಲ. ಜೊತೆಗೆ ತೂತುಬಿದ್ದ ಒಂದು ಎಲೆಯನ್ನೂ ತೊಳೆದು ತಂದಿದ್ದಳು.

"ಇಷ್ಟೇನಾ?" ಎಂದ ಶ್ರೀಕರ್. "ಇದು ಟೆನಿಸ್ ಬಾಲು."

"ಹೌದು. ಫುಟ್‌ಬಾಲ್ ಅಂದಿದ್ದು ಸುಳ್ಳು," ಎಂದಳು ಸಂಘ ಆರಾಮಾಗಿ. "ತಿಂದ್ ನೋಡು."

ಶ್ರೀಕರ್ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಎಲ್ಲರೂ ಅವನ ಮುಖ ನೋಡಿದರು. "ಹುಲ್ಲು ತಿಂದ ಹಾಗಿದೆ," ಎಂದ. ಆಮೇಲೆ ಇನ್ನೊಂದು ಚೂರು ಮುರಿದ. "ಈ ತೂತಿನ ಎಲೆ ಯಾಕೆ ತಂದೆ?"

"ಅದನ್ನ ತಿಂದೋರು ಬೇರೆ. ಅವರಿಗೆ ಇದೊಂದೇ ಊಟ."

ಶ್ರೀಕರ್‌ಗೆ ಅರ್ಥವಾಗಲಿಲ್ಲ. ಸಂಘ ಎಲೆಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು.

ಮಧ್ಯಾಹ್ನ ಅವಳು ಮನೆಗೆ ಬರುವಾಗ ಹುಳದ ಮನೆಯ ಬಾಗಿಲು ತೆರೆದಿತ್ತು. ಅಂಗಳದಲ್ಲಿ ಚಂದ್ರಿಕೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ಚಂದ್ರಿಕೆ ಅಂದರೆ ಹಣ್ಣಾದ ಹುಳ ಗೂಡು ಕಟ್ಟಲೆಂದು ಸುತ್ತು ಸುತ್ತಾಗಿ ಬಿದಿರಿನಲ್ಲಿ ಹೆಣೆದ ದೊಡ್ಡ ತಟ್ಟೆ. ಕದಿರಮ್ಮಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು.

ಸಂಘ ಬೀದಿಯಲ್ಲೇ ನಿಂತಳು. ಒಳಗೆ ಕರೆಯದೆ ಹೋಗುವಂತಿರಲಿಲ್ಲ.

ಕದಿರಮ್ಮಜ್ಜಿ ಅವಳನ್ನು ನೋಡಿದರು.

"ಏನ್ ನಿಂತ್ಕೊಂಡು ನೋಡ್ತೀಯ? ಹುಳ ಹಣ್ಣಾಗಿವೆ. ಕೈ ಸಾಲ್ದು. ರಾವೇ, ಬಾ ಒಳಗೆ!"

ಸಂಘ ಬ್ಯಾಗ್ ಇಟ್ಟು ಓಡಿದಳು. ಕೈ ತೊಳೆದಳು. ಬ್ಲೀಚಿಂಗ್ ನೀರಿನಲ್ಲಿ ಒಂದು ಕಾಲಿಟ್ಟವಳು ಹಾಗೇ ನಿಂತಳು. ಯೂನಿಫಾರ್ಮಿನ ಜೇಬಿಗೆ ಕೈ ಹಾಕಿದಳು. ಬ್ರೊಕೊಲಿಯ ತೂತಿನ ಎಲೆ ಅಲ್ಲೇ ಇತ್ತು. ತೊಳೆದ ಎಲೆ, ಏನೂ ಇರಲಾರದು. ಆದರೂ ಅವಳು ವಾಪಸ್ ಮನೆಗೆ ಹೋದಳು. ಎಲೆಯನ್ನು ಕೋಳಿಯ ಕಡೆ ಎಸೆದು, ಯೂನಿಫಾರ್ಮ್ ಬದಲಿಸಿ, ಬೇರೆ ಫ್ರಾಕ್ ಹಾಕಿಕೊಂಡು, ಮೊಣಕೈವರೆಗೆ ಮತ್ತೆ ಸೋಪು ಉಜ್ಜಿ ಬಂದಳು.

ಕದಿರಮ್ಮಜ್ಜಿ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಒಳಗೆ ಹುಳಗಳು ತಿನ್ನುವುದನ್ನು ನಿಲ್ಲಿಸಿದ್ದವು. ಮೈ ಜೇನಿನ ಬಣ್ಣಕ್ಕೆ ತಿರುಗಿ, ಹಿಡಿದರೆ ಬೆಳಕು ಆಚೆಗೆ ಕಾಣುವಷ್ಟು ತಿಳಿಯಾಗಿತ್ತು. ಸಂಘ ಒಂದನ್ನು ಎರಡು ಬೆರಳಿನಲ್ಲಿ ಎತ್ತಿ ಚಂದ್ರಿಕೆಯ ಅಂಚಿನಲ್ಲಿ ಬಿಟ್ಟಳು. ಹುಳ ತಲೆ ಎತ್ತಿ ಆ ಕಡೆ ಈ ಕಡೆ ಆಡಿಸಿತು. ಹತ್ತಿರದ ಸುತ್ತಿಗೆ ಹೋಗಲಿಲ್ಲ. ಅದರ ಪಕ್ಕದ್ದಕ್ಕೂ ಹೋಗಲಿಲ್ಲ.

ಎತ್ತಿ ಸರಿಯಾದ ಜಾಗಕ್ಕೆ ಇಡೋಣ ಎಂದು ಸಂಘಳ ಕೈ ಮುಂದೆ ಹೋಯಿತು. ಮತ್ತೆ ಅವಳೇ ಹಿಂದಕ್ಕೆ ತೆಗೆದುಕೊಂಡಳು.

ಹುಳ ಮೆಲ್ಲಗೆ ಇನ್ನೂ ಎರಡು ಸುತ್ತು ದಾಟಿ, ತನಗೆ ಬೇಕಾದ ಕಡೆ ನಿಂತು, ಮೊದಲ ನೂಲು ಬಿಟ್ಟಿತು.